ನೀರಿನ ಗುಣಧರ್ಮಗಳು ಹಾಗೂ ಕುಡಿಯುವ ನೀರಿನ ಪರೀಕ್ಷೆ: ಸಾರ್ವಜನಿಕರ ಮಾಹಿತಿಗಾಗಿ

ಧಾರವಾಡ ತಾಲ್ಲೂಕಿನ ಗರಗ ಗ್ರಾಮವು ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾಗಿದೆ. ಹತ್ತಿಯ ನೂಲು ಒಣಗಿದ್ದಾಗ ಬೇಗ ಹರಿಯುತ್ತದೆ, ತೇವವಿದ್ದಾಗ ಹೆಚ್ಚು ಗಟ್ಟಿಯಾಗಿರುತ್ತದೆ ಎಂಬುದು ನೇಕಾರರಿಗೆ ತಿಳಿದ ಸಂಗತಿ. ಹತ್ತಿಯ ಎಳೆಯು ನೀರಿನ ಕಣಗಳನ್ನು ತನ್ನೊಳಗೆ ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಹೀಗೆ ಅಂಟಿಕೊಳ್ಳುವ ಸ್ವಭಾವವೇ ನೀರಿನ ಬಹುತೇಕ ಗುಣಗಳ ಮೂಲವಾಗಿದೆ.

ನೀರಿನ ಪ್ರತಿಯೊಂದು ಅಣುವಿನಲ್ಲಿ ಆಮ್ಲಜನಕದ ಒಂದು ಹಾಗೂ ಜಲಜನಕದ ಎರಡು ಪರಮಾಣುಗಳಿರುತ್ತವೆ. ಇವು ನೇರ ಸಾಲಿನಲ್ಲಿರದೆ ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿರುವುದರಿಂದ ಅಣುವಿನ ಒಂದು ಬದಿ ಅಲ್ಪ ಋಣ, ಇನ್ನೊಂದು ಬದಿ ಅಲ್ಪ ಧನ ವಿದ್ಯುದಂಶವನ್ನು ಹೊಂದಿರುತ್ತದೆ. ಆದುದರಿಂದ ಅಣುಗಳು ಒಂದನ್ನೊಂದು ಸೆಳೆಯುತ್ತವೆ, ಇತರ ವಸ್ತುಗಳನ್ನೂ ಸೆಳೆಯುತ್ತವೆ.

ಈ ಸೆಳೆತದ ಫಲವನ್ನು ಎರೆಭೂಮಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಜೇಡಿ ಹೆಚ್ಚಿರುವ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಳೆ ನಿಂತ ನಂತರವೂ ಅದರಲ್ಲಿ ಉಳಿದ ತೇವದಿಂದಲೇ ಹಿಂಗಾರಿನ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತವೆ. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ಮೇಲೇರದಿದ್ದಲ್ಲಿ ಈ ಬೆಳೆಗಳು ಕೈಗೆ ಬರುತ್ತಿರಲಿಲ್ಲ.

ನೀರು ಆವಿಯಾಗಲು ಹೆಚ್ಚಿನ ಶಾಖ ಬೇಕು. ಚರ್ಮದ ಮೇಲಿನ ಒಂದು ಗ್ರಾಂ ಬೆವರು ಆರುವಾಗ ದೇಹದಿಂದ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದಕ್ಕೂ ಇದೇ ಕಾರಣ. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿದ್ದು, ಮಂಜುಗಡ್ಡೆಯು ಅದರ ಮೇಲೆ ತೇಲುತ್ತದೆ. ಶೀತಪ್ರದೇಶಗಳ ಜಲಚರಗಳಿಗೆ ಇದು ಆಸರೆ; ನಮ್ಮ ಭಾಗದ ಕೆರೆಗಳಿಗೆ ಆ ಪ್ರಸಂಗವೇ ಬರುವುದಿಲ್ಲ.

ನಾಗರಿಕರು ವಿಶೇಷವಾಗಿ ಗಮನಿಸಬೇಕಾದುದು ನೀರಿನ ಕರಗಿಸುವ ಶಕ್ತಿಯನ್ನು. ರಕ್ತವು ಲವಣ, ಸಕ್ಕರೆಗಳನ್ನು ದೇಹದೆಲ್ಲೆಡೆ ಒಯ್ಯುವುದು, ಬೇರು ಮಣ್ಣಿನ ಪೋಷಕಾಂಶವನ್ನು ಹೀರುವುದು ಈ ಶಕ್ತಿಯಿಂದಲೇ. ಆದರೆ ನೀರಿಗೆ ಬೇಕಾದುದು, ಬೇಡವಾದುದು ಎಂಬ ಭೇದವಿಲ್ಲ. ಕೊಳವೆಬಾವಿಯ ನೀರು ಬಹುಕಾಲ ಬಂಡೆಯ ಸಂಪರ್ಕದಲ್ಲಿದ್ದು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಾಗೂ ಕೆಲವೆಡೆ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಗದಗ ಜಿಲ್ಲೆಯ ಮುಂಡರಗಿ, ತುಮಕೂರು ಜಿಲ್ಲೆಯ ಪಾವಗಡ ಭಾಗಗಳಲ್ಲಿ ಫ್ಲೋರೈಡ್ ಸಮಸ್ಯೆಯು ಬಹುಕಾಲದಿಂದ ತಿಳಿದಿದೆ. ಗಡಸು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆ ಕೊಡದು. ಇದರಿಂದ ಅದು ಮನೆಯವರಿಗೆ ತಿಳಿಯುತ್ತದೆ. ಫ್ಲೋರೈಡ್‌ಗೆ ಬಣ್ಣವಾಗಲಿ, ವಾಸನೆಯಾಗಲಿ ಇಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಕಂಡ ಮೇಲೆ ಎಚ್ಚರವಾದರೆ ತಡವಾದಂತೆಯೇ.

ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ಅವಕಾಶವಿದೆ. ಒಟ್ಟು ಗಡಸುತನಕ್ಕೆ ಈ ಮಿತಿಗಳು 200 ಹಾಗೂ 600, ಕರಗಿದ ಒಟ್ಟು ಘನಪದಾರ್ಥಗಳಿಗೆ 500 ಹಾಗೂ 2000 ಮಿಲಿಗ್ರಾಂ. ನೈಟ್ರೇಟ್ 45 ಮಿಲಿಗ್ರಾಂ ಮೀರುವಂತಿಲ್ಲ.

ಕುದಿಸಿದರೆ ಎಲ್ಲವೂ ಶುದ್ಧವಾಗುವುದೆಂಬ ಭಾವನೆ ಸರಿಯಲ್ಲ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಗಡಸುತನದ ಒಂದಂಶ ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಫ್ಲೋರೈಡ್, ನೈಟ್ರೇಟ್ ಹಾಗೆಯೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಹೊಸ ಕೊಳವೆಬಾವಿಯ ನೀರನ್ನು ಪರೀಕ್ಷೆಗೊಳಪಡಿಸಿದ ನಂತರವೇ ಕುಡಿಯಲು ಬಳಸತಕ್ಕದ್ದು.

ಪರೀಕ್ಷೆ ಬಯಸುವವರು ಪಂಪನ್ನು ಕೆಲವು ನಿಮಿಷ ನಡೆಸಿ, ಶುಭ್ರವಾದ ಪ್ಲಾಸ್ಟಿಕ್ ಕ್ಯಾನನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ಮಾದರಿಯನ್ನು ತುಂಬತಕ್ಕದ್ದು. ಎಣ್ಣೆ, ಔಷಧಿ ಅಥವಾ ಕೀಟನಾಶಕವಿದ್ದ ಕ್ಯಾನುಗಳನ್ನು ಬಳಸಬಾರದು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದಿಂದ ಪಡೆದ ಕ್ರಿಮಿರಹಿತ ಸೀಸೆಯೇ ಬೇಕು. ಅದನ್ನು ತೊಳೆಯದೆ ನೇರವಾಗಿ ತುಂಬಿ, ತಂಪಾಗಿಟ್ಟು, 24 ಗಂಟೆಗಳೊಳಗೆ ತಲುಪಿಸಬೇಕು. ಚೀಟಿಯಲ್ಲಿ ಗ್ರಾಮ, ನೀರಿನ ಮೂಲ, ಸಂಗ್ರಹಿಸಿದ ದಿನಾಂಕ ಹಾಗೂ ಸಮಯವನ್ನು ನಮೂದಿಸತಕ್ಕದ್ದು.