ಚೆಂಡು ಒಂದೇ, ಆಡುವವರು ಐವರು

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಸಭಾಂಗಣವೊಂದರಲ್ಲಿ 1984ರ ಜೂನ್ 19ರಂದು ಮೂರು ಹೆಸರುಗಳನ್ನು ಒಂದರ ಹಿಂದೊಂದರಂತೆ ಕೂಗಲಾಯಿತು. ಮೊದಲನೆಯದು ನೈಜೀರಿಯಾದಿಂದ ಓದಲು ಬಂದಿದ್ದ ಹಕೀಮ್ ಒಲಾಜುವಾನ್. ಎರಡನೆಯದು ಕೆಂಟಕಿ ವಿಶ್ವವಿದ್ಯಾಲಯದ ಸ್ಯಾಮ್ ಬೋವಿ. ಮೂರನೆಯದು ನಾರ್ತ್ ಕೆರೊಲಿನಾದ ಮೈಕೆಲ್ ಜೋರ್ಡಾನ್.

ಬ್ಯಾಸ್ಕೆಟ್‌ಬಾಲ್ ಆಟವನ್ನೇ ನೋಡದವರಿಗೂ ಮೂರನೆಯ ಹೆಸರು ಗೊತ್ತು. ಎರಡನೆಯ ಹೆಸರು ಅಮೆರಿಕದಲ್ಲಿ ಇಂದಿಗೂ ತಪ್ಪು ಆಯ್ಕೆಗೆ ಗಾದೆಯಾಗಿ ಉಳಿದಿದೆ. ಜೋರ್ಡಾನ್ ಎದುರಿಗೇ ಇದ್ದಾಗ ಬೋವಿಯನ್ನು ಆರಿಸಿಕೊಂಡ ಪೋರ್ಟ್‌ಲ್ಯಾಂಡ್ ತಂಡದವರನ್ನು ಜನ ನಾಲ್ಕು ದಶಕಗಳಿಂದ ನಗೆಯಾಡುತ್ತಿದ್ದಾರೆ. ಆದರೆ ಆ ದಿನ ಅವರ ಮುಂದಿದ್ದ ಲೆಕ್ಕವನ್ನು ಬಿಡಿಸಿ ನೋಡಿದರೆ ನಗುವುದು ಅಷ್ಟು ಸುಲಭವಲ್ಲ.

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಸೋತು ಸುಣ್ಣವಾದ ತಂಡಗಳಿಗೆ ಸರದಿ ಮೊದಲು, ಬಲಿಷ್ಠರಿಗೆ ಕೊನೆಗೆ. ಪೋರ್ಟ್‌ಲ್ಯಾಂಡ್ ಸೋತ ತಂಡವೇನಲ್ಲ. ಹಿಂದಿನ ಋತುವಿನಲ್ಲಿ 82 ಪಂದ್ಯಗಳಲ್ಲಿ 48 ಗೆದ್ದಿತ್ತು. ಹಳೆಯದೊಂದು ವಿನಿಮಯದಲ್ಲಿ ಇಂಡಿಯಾನಾ ತಂಡದ ಸರದಿ ಅದರ ಕೈಸೇರಿದ್ದರಿಂದ ಎರಡನೆಯ ಆಯ್ಕೆಯ ಅದೃಷ್ಟ ಒಲಿದಿತ್ತು. ಜೋರ್ಡಾನ್ ಆಡುತ್ತಿದ್ದ ಗಾರ್ಡ್ ಸ್ಥಾನದಲ್ಲಿ ಅದಕ್ಕೆ ಆಗಲೇ ಇಬ್ಬರಿದ್ದರು. ಜಿಮ್ ಪ್ಯಾಕ್ಸನ್ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗುತ್ತಿದ್ದವ. ಕ್ಲೈಡ್ ಡ್ರೆಕ್ಸ್ಲರ್ ಹಿಂದಿನ ವರ್ಷವಷ್ಟೇ ಬಂದಿದ್ದ, ಹೊಳೆಯುವ ಲಕ್ಷಣವಿದ್ದ ಹುಡುಗ. ಇಲ್ಲದ್ದು ಬುಟ್ಟಿಯ ಕೆಳಗೆ ಕಂಬದಂತೆ ನಿಲ್ಲುವ ಸೆಂಟರ್. ಬೋವಿಯ ಎತ್ತರ 7 ಅಡಿ 1 ಅಂಗುಲ! ಆ ಕಾಲದ ನಂಬಿಕೆಯೂ ಹಾಗೇ ಇತ್ತು: ದೊಡ್ಡ ಸೆಂಟರ್ ಇಲ್ಲದೆ ಕಪ್ ಇಲ್ಲ. 1977ರಲ್ಲಿ ಪೋರ್ಟ್‌ಲ್ಯಾಂಡ್ ಚಾಂಪಿಯನ್ ಆದದ್ದೂ ಬಿಲ್ ವಾಲ್ಟನ್ ಎಂಬ ಸೆಂಟರ್‌ನ ಬಲದಿಂದಲೇ.

ಒಲಿಂಪಿಕ್ ತಂಡಕ್ಕಾಗಿ ಜೋರ್ಡಾನ್‌ನನ್ನು ತರಬೇತುಗೊಳಿಸುತ್ತಿದ್ದ ಬಾಬಿ ನೈಟ್ ಅವರು ಪೋರ್ಟ್‌ಲ್ಯಾಂಡ್‌ನವರಿಗೆ ಈ ಹುಡುಗನನ್ನು ಬಿಡಬೇಡಿ ಎಂದಿದ್ದರಂತೆ. ನಮಗೆ ಬೇಕಾದದ್ದು ಸೆಂಟರ್ ಎಂಬ ಉತ್ತರ ಬಂದಾಗ, ಹಾಗಾದರೆ ಇವನನ್ನೇ ಸೆಂಟರ್ ಆಗಿ ಆಡಿಸಿ ಎಂದರಂತೆ. ಬ್ಯಾಸ್ಕೆಟ್‌ಬಾಲ್ ವಲಯದಲ್ಲಿ ಎಲ್ಲರೂ ಹೇಳುವ ಕಥೆಯಿದು. ತಮಾಷೆಯಂತೆ ಕಂಡರೂ ಇದರೊಳಗೊಂದು ಗಂಭೀರ ಪ್ರಶ್ನೆಯಿದೆ. ಎಳೆಯ ಆಟಗಾರನನ್ನು ತೂಗುವಾಗ ತಟ್ಟೆಯಲ್ಲಿಡಬೇಕಾದ್ದು ಅವನ ಪ್ರತಿಭೆಯನ್ನೋ, ತಂಡದಲ್ಲಿ ಖಾಲಿಯಿರುವ ಜಾಗವನ್ನೋ?

ಅದೇ ದಿನ, ಇನ್ನೊಂದು ಲೆಕ್ಕ

ಮೊದಲ ಸರದಿ ಪಡೆದಿದ್ದ ಹ್ಯೂಸ್ಟನ್ ತಂಡದ ಕಥೆ ಯಾಕೋ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಹೊಂದಾಣಿಕೆಯ ಲೆಕ್ಕ ಹಾಕಿದ್ದರೆ ಅವರು ಒಲಾಜುವಾನ್‌ನನ್ನು ಮುಟ್ಟಲೇಬಾರದಿತ್ತು. ಏಕೆಂದರೆ ಹಿಂದಿನ ವರ್ಷವೇ ಅವರು 7 ಅಡಿ 4 ಅಂಗುಲದ ರಾಲ್ಫ್ ಸ್ಯಾಂಪ್ಸನ್ ಎಂಬ ಸೆಂಟರ್‌ನನ್ನು ಮೊದಲ ಆಯ್ಕೆಯಾಗಿ ತಂದಿದ್ದರು. ಒಂದು ಒರೆಗೆ ಎರಡು ಕತ್ತಿ! ಹ್ಯೂಸ್ಟನ್‌ನವರು ಒರೆಯನ್ನೇ ಅಗಲ ಮಾಡಿದರು. ಸ್ಯಾಂಪ್ಸನ್ ಫಾರ್ವರ್ಡ್ ಸ್ಥಾನಕ್ಕೆ ಸರಿದ. ಎರಡೇ ವರ್ಷಗಳಲ್ಲಿ, 1986ರಲ್ಲಿ, ಆ ತಂಡ ಫೈನಲ್ ತಲುಪಿತು. ಮುಂದೆ ಸ್ಯಾಂಪ್ಸನ್ ಬೇರೆಡೆಗೆ ಹೋದ; ಉಳಿದ ಒಲಾಜುವಾನ್ 1994 ಮತ್ತು 1995ರಲ್ಲಿ ಕಪ್ ಗೆದ್ದುಕೊಟ್ಟ.

ಬೋವಿಯ ಮೊದಲ ವರ್ಷ ಕೆಟ್ಟದ್ದೇನೂ ಆಗಿರಲಿಲ್ಲ. 76 ಪಂದ್ಯಗಳಲ್ಲಿ ಸರಾಸರಿ 10 ಅಂಕ, 8.6 ರಿಬೌಂಡ್. ಹೊಸಬರ ಶ್ರೇಷ್ಠ ಐವರ ಪಟ್ಟಿಯಲ್ಲಿ ಸ್ಥಾನ. ಅನಂತರ ಕಾಲಿನ ಮೂಳೆ ಮುರಿಯಿತು, ಮತ್ತೆ ಮುರಿಯಿತು. ಮುಂದಿನ ನಾಲ್ಕು ಋತುಗಳಲ್ಲಿ ಆಡಿದ್ದು ಒಟ್ಟು 63 ಪಂದ್ಯ. ಕಾಲೇಜಿನಲ್ಲೇ ಎಡ ಮೊಣಕಾಲಿನ ಕೆಳಗಿನ ಮೂಳೆಯ ಬಿರುಕಿನಿಂದ ಎರಡು ವರ್ಷ ಆಟ ಬಿಟ್ಟಿದ್ದವನು ಅವನು. ಆಯ್ಕೆಗೆ ಮುನ್ನ ವೈದ್ಯರು ಗಂಟೆಗಟ್ಟಲೆ ಪರೀಕ್ಷಿಸಿದ್ದರು. ಆ ಕಾಲಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಿದಾಗ ಏನೂ ಆಗುತ್ತಿಲ್ಲ ಎಂದಿದ್ದೆ, ಒಳಗೊಳಗೇ ನೋವಿತ್ತು ಎಂದು ಬೋವಿ 2012ರಲ್ಲಿ ಬಂದ ಸಾಕ್ಷ್ಯಚಿತ್ರವೊಂದರಲ್ಲಿ ಹೇಳಿಕೊಂಡ. ನಂಬಿಕೊಂಡಿದ್ದ ಮನೆಯವರಿಗಾಗಿ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು ಎಂಬುದು ಅವನ ಸಮಾಧಾನ. ಬಡತನದ ಮನೆಯಿಂದ ನೌಕರಿಯ ದೈಹಿಕ ಪರೀಕ್ಷೆಗೆ ಹೋಗಿ ನಿಂತವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಜೋರ್ಡಾನ್‌ನ ಪಾದದ ಮೂಳೆಯೂ ಎರಡನೆಯ ವರ್ಷ ಮುರಿದಿತ್ತು. ಆ ಋತುವಿನ 82 ಪಂದ್ಯಗಳಲ್ಲಿ ಅವನು ಆಡಿದ್ದು 18 ಮಾತ್ರ. ಅವನ ಮೂಳೆ ಕೂಡಿಕೊಂಡಿತು, ಬೋವಿಯದು ಕೂಡಲಿಲ್ಲ. ಫಲಿತಾಂಶವನ್ನು ಕೈಯಲ್ಲಿ ಹಿಡಿದುಕೊಂಡು ನಿರ್ಧಾರವನ್ನು ಬೈಯುವುದು ಪರೀಕ್ಷೆ ಮುಗಿದ ಮೇಲೆ ಉತ್ತರ ಹೇಳಿದಂತೆ. ಪೋರ್ಟ್‌ಲ್ಯಾಂಡ್‌ನ ನಿಜವಾದ ತಪ್ಪು ಬೋವಿಯ ಕಾಲಿನಲ್ಲಿರಲಿಲ್ಲ. 1984ರ ತಮ್ಮ ತಂಡವೇ ಮುಂದೆಯೂ ಇರುತ್ತದೆ ಎಂದುಕೊಂಡದ್ದರಲ್ಲಿತ್ತು. ಯಾವ ಪ್ಯಾಕ್ಸನ್ ಇದ್ದಾನೆಂದು ಜೋರ್ಡಾನ್ ಬೇಡವಾದನೋ ಆ ಪ್ಯಾಕ್ಸನ್ ನಾಲ್ಕೇ ವರ್ಷಗಳಲ್ಲಿ ಬೇರೆ ತಂಡದಲ್ಲಿದ್ದ.

ಯೂರಿಯಾ ಮತ್ತು ಪೊಟ್ಯಾಷ್

ಹಾಗಾದರೆ ಕಣ್ಣು ಮುಚ್ಚಿಕೊಂಡು ಪ್ರತಿಭೆಯನ್ನೇ ಆರಿಸುವುದು ಸರಿಯೆ? ಅದನ್ನೂ ಮಾಡಿ ನೋಡಿದವರಿದ್ದಾರೆ. ಫಿಲಡೆಲ್ಫಿಯಾ ತಂಡ 2013ರಲ್ಲಿ ನರ್ಲೆನ್ಸ್ ನೋಯೆಲ್, 2014ರಲ್ಲಿ ಜೋಯೆಲ್ ಎಂಬೀಡ್, 2015ರಲ್ಲಿ ಜಹ್ಲೀಲ್ ಓಕಾಫೋರ್ ಎಂದು ಮೂರು ವರ್ಷ ಮೂವರು ಸೆಂಟರ್‌ಗಳನ್ನು ಕೂಡಿಹಾಕಿತು. ಪ್ರತಿ ಬಾರಿಯೂ ಉಳಿದವರಲ್ಲಿ ಶ್ರೇಷ್ಠನೆಂದು ಕಂಡವನನ್ನು ಆರಿಸುವುದು, ಜಾಗದ ಚಿಂತೆ ಆಮೇಲೆ ಎಂಬುದು ಅವರ ನೀತಿ. ಎಂಬೀಡ್ ಪಾದದ ನೋವಿನಿಂದ ಎರಡು ಋತು ಹೊರಗೆ ಕುಳಿತ. ಓಕಾಫೋರ್ ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 17.5 ಅಂಕ ಗಳಿಸಿದ. ತಂಡ ಗೆದ್ದದ್ದು 82ರಲ್ಲಿ 10!

ಪೈರಿನ ಬೆಳವಣಿಗೆಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತಿ ಕಡಿಮೆಯಿರುವ ಪೋಷಕಾಂಶ ಎಂಬ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜನಪ್ರಿಯಗೊಳಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್. ಪೊಟ್ಯಾಷ್ ಕೊರತೆಯಿರುವ ಹೊಲಕ್ಕೆ ಇನ್ನೆರಡು ಮೂಟೆ ಯೂರಿಯಾ ಸುರಿದರೆ ದುಡ್ಡು ದಂಡ. ಫಿಲಡೆಲ್ಫಿಯಾ ಮಾಡಿದ್ದು ಇದನ್ನೇ. ಬುಟ್ಟಿಯ ಕೆಳಗಿನ ಹತ್ತು ಹೆಜ್ಜೆ ಜಾಗದಲ್ಲಿ ಇಬ್ಬರು ದೈತ್ಯರು ನಿಂತರೆ ಮೂರನೆಯವನು ನುಗ್ಗಲು ದಾರಿಯಿಲ್ಲ. ಅವರಿಗೆ ಚೆಂಡು ತಲುಪಿಸುವವನೂ ಇಲ್ಲ, ದೂರದಿಂದ ಎಸೆದು ಎದುರಾಳಿಗಳನ್ನು ಹೊರಕ್ಕೆಳೆಯುವವನೂ ಇಲ್ಲ. 2017ರ ಫೆಬ್ರುವರಿಯಲ್ಲಿ ನೋಯೆಲ್‌ನನ್ನೂ ಡಿಸೆಂಬರ್‌ನಲ್ಲಿ ಓಕಾಫೋರ್‌ನನ್ನೂ ಬೇರೆ ತಂಡಗಳಿಗೆ ಸಾಗಹಾಕಲಾಯಿತು. ಓಕಾಫೋರ್ ಮತ್ತೆಲ್ಲೂ ನೆಲೆ ನಿಲ್ಲದೆ ತಂಡದಿಂದ ತಂಡಕ್ಕೆ ಅಲೆದ. ಹತ್ತೊಂಬತ್ತರಲ್ಲಿ ಹಾಗೆ ಆಡಿದ ಹುಡುಗನನ್ನು ಪ್ರತಿಭೆಯಿಲ್ಲದವನು ಎನ್ನಲು ಬಾಯಿ ಬಾರದು.

2015ರ ಅದೇ ಆಯ್ಕೆಯಲ್ಲಿ 52ನೆಯ ಹೆಸರು ನಮ್ಮ ದೇಶದ ಹುಡುಗನದು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್. ಎತ್ತರ 7 ಅಡಿ 2 ಅಂಗುಲ, ವಯಸ್ಸು ಹತ್ತೊಂಬತ್ತು. ಭಾರತದಲ್ಲಿ ಹುಟ್ಟಿ ಎನ್‌ಬಿಎ ತಂಡವೊಂದಕ್ಕೆ ಆಯ್ಕೆಯಾದ ಮೊದಲಿಗ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆರಿಸಿಕೊಂಡದ್ದು ಡಲ್ಲಾಸ್ ತಂಡ. ಆದರೆ ಸತ್ನಾಮ್‌ಗೆ ಎನ್‌ಬಿಎ ಲೀಗ್ ಪಂದ್ಯದಲ್ಲಿ ಕಣಕ್ಕಿಳಿಯುವ ಭಾಗ್ಯ ಬರಲಿಲ್ಲ. ಕೆಳಹಂತದ ಲೀಗ್‌ನಲ್ಲೇ ಆಡಿ ಮರಳಿದ. ಅವನು ಆಯ್ಕೆಯಾಗುವ ಹೊತ್ತಿಗೆ ಆಟವೇ ಬದಲಾಗಿತ್ತು. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದದ್ದು 1979ರಲ್ಲಿ. ಬೋವಿಯ ಕಾಲಕ್ಕೆ ಒಂದು ತಂಡ ಪಂದ್ಯವೊಂದರಲ್ಲಿ ಆ ಗೆರೆಯಾಚೆಯಿಂದ ಸರಾಸರಿ ಮೂರು ಸಲ ಎಸೆದರೆ ಹೆಚ್ಚು. ಇಂದು ಮೂವತ್ತು ದಾಟುತ್ತದೆ. ಬುಟ್ಟಿಯ ಕೆಳಗೆ ನಿಲ್ಲುವವನಿಗಿಂತ ಇಡೀ ಅಂಕಣದಲ್ಲಿ ಓಡಾಡುವವನಿಗೆ ಬೆಲೆ ಬಂದಿತ್ತು.

ಎತ್ತರವನ್ನು ಅಳೆಯಲು ಟೇಪು ಸಾಕು. ತೋಳಿನ ಉದ್ದ, ನಿಂತಲ್ಲಿಂದ ನೆಗೆಯುವ ಎತ್ತರ, ಓಟದ ವೇಗ ಎಲ್ಲವನ್ನೂ ಅಳೆಯುತ್ತಾರೆ. ಕೈಯಲ್ಲಿ ಚೆಂಡಿಲ್ಲದಾಗ ಹುಡುಗ ಏನು ಮಾಡುತ್ತಾನೆ ಎಂಬುದನ್ನು ಅಳೆಯುವುದು ಹೇಗೆ? ಪಂದ್ಯದ ಬಹುಪಾಲು ಹೊತ್ತು ಯಾವ ಆಟಗಾರನ ಕೈಯಲ್ಲೂ ಚೆಂಡಿರುವುದಿಲ್ಲ. ಚೆಂಡು ಒಂದೇ, ಆಡುವವರು ಐವರು. ಇದಕ್ಕಾಗಿ ಒಂದು ಸರಳ ಲೆಕ್ಕ ಬಳಕೆಗೆ ಬಂದಿದೆ. ಒಬ್ಬ ಆಟಗಾರ ಅಂಕಣದಲ್ಲಿದ್ದ ನಿಮಿಷಗಳಲ್ಲಿ ತನ್ನ ತಂಡ ಗಳಿಸಿದ ಅಂಕದಿಂದ ಎದುರಾಳಿ ಗಳಿಸಿದ ಅಂಕವನ್ನು ಕಳೆಯುವುದು. ಜೊತೆಗಾರರು ಗಟ್ಟಿಗರಾದರೆ ದಡ್ಡನಿಗೂ ಒಳ್ಳೆಯ ಅಂಕ ಸಿಗಬಹುದು. ಆದ್ದರಿಂದ ಜೊತೆಗಾರರ, ಎದುರಾಳಿಗಳ ಪ್ರಭಾವವನ್ನು ಗಣಿತದಿಂದ ಸೋಸಿ ತೆಗೆಯುತ್ತಾರೆ. ಪ್ರಯೋಗಶಾಲೆಯಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೇ ಇಡುತ್ತಾರಲ್ಲ, ಹಾಗೆ.

ಹೀಗೆ ಸೋಸಿದಾಗ ಬೆಳಕಿಗೆ ಬಂದವನು ಶೇನ್ ಬ್ಯಾಟಿಯೆ. ಅಂಕ ಕಡಿಮೆ, ರಿಬೌಂಡ್ ಕಡಿಮೆ, ಕಣ್ಣು ಸೆಳೆಯುವ ನೆಗೆತವೂ ಇಲ್ಲ. ಆದರೆ ಅವನು ಅಂಕಣದಲ್ಲಿದ್ದಾಗ ಜೊತೆಗಾರರೆಲ್ಲ ಒಂದು ಕೈ ಮೇಲೆಯೇ ಆಡುತ್ತಿದ್ದರು, ಎದುರಾಳಿಗಳು ಮಂಕಾಗುತ್ತಿದ್ದರು. 2012 ಮತ್ತು 2013ರಲ್ಲಿ ಕಪ್ ಗೆದ್ದ ಮಯಾಮಿ ತಂಡದಲ್ಲಿ ಅವನಿದ್ದ. ಹೊಂದಿಕೊಳ್ಳುವುದೂ ಒಂದು ಪ್ರತಿಭೆಯೇ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

2014ರಲ್ಲಿ ರೊಡೆರಿಕ್ ಸ್ವಾಬ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನಲ್ಲಿ ತಾರೆಗಳ ಸಂಖ್ಯೆ ಒಂದು ಮಿತಿ ಮೀರಿದರೆ ತಂಡದ ಆಟವೇ ಕುಸಿಯುತ್ತದೆ, ಒಬ್ಬೊಬ್ಬರಾಗಿ ಆಡುವ ಬೇಸ್‌ಬಾಲ್‌ನಲ್ಲಿ ಹಾಗಾಗದು ಎಂಬುದು ಅವರ ವಾದ. 2021ರಲ್ಲಿ ಬೇರೆ ಸಂಶೋಧಕರು ಎನ್‌ಬಿಎ ಅಂಕಿ-ಅಂಶಗಳನ್ನು ಮತ್ತೆ ಜಾಲಾಡಿ, ಲಾಭ ಕಡಿಮೆಯಾಗುತ್ತ ಹೋಗುವುದು ನಿಜ, ಕುಸಿತವೇನೂ ಕಾಣದು ಎಂದರು. ಯೂರಿಯಾ ಹೆಚ್ಚಾದರೆ ವ್ಯರ್ಥ, ವಿಷವಲ್ಲ ಎಂದಂತೆ!

ಆದರೆ ರಸಗೊಬ್ಬರದ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಎಷ್ಟು ದಿನ ಇಟ್ಟರೂ ಯೂರಿಯಾ ಪೊಟ್ಯಾಷ್ ಆಗದು. ಹತ್ತೊಂಬತ್ತರ ಹುಡುಗ ಹಾಗಲ್ಲ, ಕಲಿಯುತ್ತಾನೆ. ಹೊಲವೂ ಹಾಗಲ್ಲ, ಯಾಕೆಂದರೆ ತಂಡವೆಂಬ ಹೊಲದ ಮಣ್ಣನ್ನು ಮೂರು ವರ್ಷಕ್ಕೊಮ್ಮೆ ಬದಲಿಸಬಹುದು.

ಯಾರನ್ನು ಇಟ್ಟುಕೊಳ್ಳುವುದು?

ಗೋಲ್ಡನ್ ಸ್ಟೇಟ್ ತಂಡದವರು 2009ರಲ್ಲಿ ಏಳನೆಯ ಆಯ್ಕೆಯಾಗಿ ಸ್ಟೀಫನ್ ಕರಿಯನ್ನು ತಂದಾಗ ಅಲ್ಲಿ ಮಾಂಟಾ ಎಲ್ಲಿಸ್ ಎಂಬ ಜನಪ್ರಿಯ ಗಾರ್ಡ್ ಇದ್ದ. ಇಬ್ಬರೂ ಆ ಆಟದ ಮಟ್ಟಿಗೆ ಕುಳ್ಳರು. ಇಬ್ಬರೂ ಒಟ್ಟಿಗೆ ಆಡಲು ಸಾಧ್ಯವಿಲ್ಲ ಎಂದು ಎಲ್ಲಿಸ್ ಬಹಿರಂಗವಾಗಿಯೇ ಹೇಳಿದ. ಅವನ ಮಾತು ಸುಳ್ಳಾಗಿರಲಿಲ್ಲ. 2012ರ ಮಾರ್ಚ್‌ನಲ್ಲಿ ತಂಡ ಇಬ್ಬರಲ್ಲಿ ಒಬ್ಬನನ್ನು ಬಿಟ್ಟಿತು: ಅಂಕಗಳ ಸುರಿಮಳೆ ಸುರಿಸುತ್ತಿದ್ದ ಎಲ್ಲಿಸ್‌ನನ್ನು. ಉಳಿಸಿಕೊಂಡದ್ದು ಕಣಕಾಲು ನೋವಿನಿಂದ ಆ ಋತುವಿನಲ್ಲಿ 26 ಪಂದ್ಯವಷ್ಟೇ ಆಡಿದ್ದ ಕರಿಯನ್ನು! ಕೆಲವೇ ದಿನಗಳಲ್ಲಿ ಸಮಾರಂಭವೊಂದರಲ್ಲಿ ಮಾತನಾಡಲು ನಿಂತ ತಂಡದ ಮಾಲೀಕರನ್ನು ತವರಿನ ಪ್ರೇಕ್ಷಕರೇ ಕೂಗಿ ಮೂದಲಿಸಿದರು. ಅದೇ ತಂಡ 2015, 2017, 2018 ಮತ್ತು 2022ರಲ್ಲಿ ಚಾಂಪಿಯನ್ ಆಯಿತು. ಕರಿ ದೂರದಿಂದ ಎಸೆಯುತ್ತಾನೆಂಬ ಹೆದರಿಕೆಗೆ ಎದುರಾಳಿಗಳು ಇಬ್ಬಿಬ್ಬರು ಅವನ ಬೆನ್ನು ಹತ್ತುತ್ತಾರೆ. ಉಳಿದ ನಾಲ್ವರಿಗೆ ದಾರಿ ಬಿಡುವು. ಎಲ್ಲಿಸ್‌ಗೂ ಕರಿಗೂ ಇದ್ದ ವ್ಯತ್ಯಾಸ ಅಂಕಗಳಲ್ಲಿರಲಿಲ್ಲ, ಇದರಲ್ಲಿತ್ತು.

ಡೆನ್ವರ್ ತಂಡದ್ದು ಇನ್ನೂ ಸ್ವಾರಸ್ಯದ ಕಥೆ. 2014ರಲ್ಲಿ ಅದರ ಪಾಲಿಗೆ ಇಬ್ಬರು ಸೆಂಟರ್‌ಗಳು ಬಂದರು. ಒಬ್ಬ 16ನೆಯ ಆಯ್ಕೆಯಾದ ಬೋಸ್ನಿಯಾದ ಯೂಸುಫ್ ನುರ್ಕಿಚ್. ಅವನು ಆಟಕ್ಕೆ ಬಂದದ್ದೇ ಒಂದು ಸೋಜಿಗ. ದೈತ್ಯ ದೇಹದ ಪೊಲೀಸನೊಬ್ಬನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಏಜೆಂಟರೊಬ್ಬರು ಇಂಥವನಿಗೆ ಮಕ್ಕಳಿರಬೇಕಲ್ಲ ಎಂದು ಹುಡುಕಿಕೊಂಡು ಹೋದಾಗ ಸಿಕ್ಕಿದ ಹುಡುಗನವನು. ಇನ್ನೊಬ್ಬ 41ನೆಯ ಆಯ್ಕೆಯಾದ ಸರ್ಬಿಯಾದ ನಿಕೊಲಾ ಯೋಕಿಚ್. ಸ್ಥೂಲ ಮೈ, ನೆಗೆತವಿಲ್ಲ, ವೇಗವಿಲ್ಲ. ಟೇಪಿನ ಪರೀಕ್ಷೆಯಲ್ಲಿ ನಪಾಸು. ಆದರೆ ಚೆಂಡು ಕೈಗೆ ಬರುವ ಮೊದಲೇ ಯಾರಿಗೆ ಕೊಡಬೇಕೆಂದು ಅವನಿಗೆ ತಿಳಿದಿರುತ್ತಿತ್ತು.

2016ರ ಋತುವಿನ ಆರಂಭದಲ್ಲಿ ತಂಡ ಇಬ್ಬರನ್ನೂ ಒಟ್ಟಿಗೆ ಕಣಕ್ಕಿಳಿಸಿತು. ಒಬ್ಬರ ಕಾಲಿಗೆ ಇನ್ನೊಬ್ಬರು ತೊಡರುತ್ತಿದ್ದರು. ಯೋಕಿಚ್ ಬೆಂಚಿಗೆ ಸರಿದ. ಡಿಸೆಂಬರ್ 15ರಂದು ತರಬೇತುದಾರ ಮೈಕೆಲ್ ಮಲೋನ್ ಅವನನ್ನು ಮತ್ತೆ ಮೊದಲ ಐವರಲ್ಲಿಟ್ಟು ಇಡೀ ದಾಳಿಯನ್ನು ಅವನ ಪಾಸುಗಳ ಸುತ್ತ ಕಟ್ಟಿದರು. ಬೆಂಚು ಈಗ ನುರ್ಕಿಚ್‌ನ ಪಾಲಾಯಿತು. ಯೋಕಿಚ್ 2021, 2022 ಮತ್ತು 2024ರಲ್ಲಿ ಲೀಗ್‌ನ ಶ್ರೇಷ್ಠ ಆಟಗಾರನೆನಿಸಿಕೊಂಡ. 2023ರಲ್ಲಿ ಡೆನ್ವರ್‌ಗೆ ಮೊದಲ ಕಪ್ ತಂದ.

ನುರ್ಕಿಚ್‌ನನ್ನು 2017ರ ಫೆಬ್ರುವರಿಯಲ್ಲಿ ಬೇರೆ ತಂಡಕ್ಕೆ ಕಳಿಸಿದರು. ಯಾವ ತಂಡಕ್ಕೆಂದರೆ, ಒಳ್ಳೆಯ ಸೆಂಟರ್‌ಗಾಗಿ ಆಗಲೂ ಹುಡುಕುತ್ತಿದ್ದ ಅದೇ ಪೋರ್ಟ್‌ಲ್ಯಾಂಡಿಗೆ. ಅಲ್ಲಿ ಚೆಂಡು ಎಸೆಯುವ ಗಾರ್ಡ್‌ಗಳಿದ್ದರು, ಅವರಿಗೆ ಅಡ್ಡ ನಿಂತು ದಾರಿ ಮಾಡಿಕೊಡುವ ಗಟ್ಟಿ ಮೈ ಇರಲಿಲ್ಲ. ಡೆನ್ವರ್‌ನಲ್ಲಿ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದ ಹುಡುಗ ಕೆಲವೇ ವಾರಗಳಲ್ಲಿ ಆ ಊರಿನ ಕಣ್ಮಣಿಯಾದ. ಮಾರ್ಚ್ 28ರಂದು ಹಳೆಯ ತಂಡವೇ ಅಲ್ಲಿಗೆ ಆಡಲು ಬಂತು. ಪ್ಲೇ ಆಫ್‌ನ ಕೊನೆಯ ಸ್ಥಾನಕ್ಕೆ ಎರಡೂ ತಂಡಗಳ ನಡುವೆ ಪೈಪೋಟಿಯಿತ್ತು. ಆ ರಾತ್ರಿ ನುರ್ಕಿಚ್ ಒಬ್ಬನೇ 33 ಅಂಕ ಗಳಿಸಿದ, ಪೋರ್ಟ್‌ಲ್ಯಾಂಡ್ ಗೆದ್ದಿತು. ಪಂದ್ಯ ಮುಗಿದ ಮೇಲೆ ಡೆನ್ವರ್‌ನ ಹಳೆಯ ಗೆಳೆಯರಿಗೆ ಬೇಸಿಗೆ ರಜೆಯ ಶುಭಾಶಯ ಹೇಳುವುದನ್ನು ಅವನು ಮರೆಯಲಿಲ್ಲ.