ಎಣ್ಣೆಯೊಳಗಿನ ಎಳ್ಳು

ಅಡಿಗೆಮನೆಯ ಗೂಡಿನಲ್ಲಿ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆಗಳನ್ನು ಸಾಲಾಗಿ ಇಟ್ಟುಕೊಂಡಿರುವ ತಾವು, ಇವುಗಳಲ್ಲಿ ಯಾವುದಕ್ಕೆ ‘ಎಣ್ಣೆ’ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕೆಂದು ಎಂದಾದರೂ ಯೋಚಿಸಿದ್ದುಂಟೆ? ಹಟಮಾರಿಯಾದ ವೈಯಾಕರಣನೊಬ್ಬನನ್ನು ಕೇಳಿದರೆ, ಒಂದಕ್ಕೂ ಸಲ್ಲದು ಎಂದಾನು.

ಎಣ್ಣೆಯಲ್ಲಿ ಎರಡು ಮಾತುಗಳು ಕೂಡಿವೆ. ಎಳ್ ಎಂದರೆ ಎಳ್ಳು. ನೆಯ್ ಎಂದರೆ ಜಿಡ್ಡು, ತುಪ್ಪ. ಈ ಎರಡನೆಯದು ಹಳಗನ್ನಡದಲ್ಲಿದ್ದು ನಮ್ಮ ಬಾಯಿಂದ ಮರೆಯಾಗಿದೆ. ತಮಿಳರು ತುಪ್ಪವನ್ನು ಇಂದಿಗೂ ನೆಯ್ ಎಂದೇ ಕರೆಯುತ್ತಾರೆ. ಎಳ್ ಮತ್ತು ನೆಯ್ ಸೇರುವಲ್ಲಿ ಳಕಾರ ನಕಾರಗಳು ಒಂದಕ್ಕೊಂದು ಹೊಂದಿಕೊಂಡು ‘ಣ್ಣ’ ಆದವು, ಕೊನೆಯ ಯಕಾರ ಉದುರಿತು. ಎಳ್ಳಿನ ಜಿಡ್ಡೇ ಎಣ್ಣೆ. ನಂಬಿಕೆ ಬಾರದಿದ್ದರೆ ಪಕ್ಕದಲ್ಲಿರುವ ಬೆಣ್ಣೆಯ ಬಟ್ಟಲನ್ನು ನೋಡಿ: ಬೆಳ್, ನೆಯ್, ಬಿಳಿಯ ಜಿಡ್ಡು. ಬೆಳ್ಳಿ, ಬೆಳ್ಳುಳ್ಳಿಗಳ ಬೆಳ್ ಕೂಡ ಇದೇ. ತೆಲುಗರ ನೂನೆಯಲ್ಲಿಯೂ ಅವರ ಎಳ್ಳಾದ ನುವ್ವು ಅಡಗಿ ಕುಳಿತಿದೆ.

ಬೆಣ್ಣೆ ಬೆಣ್ಣೆಯಾಗಿಯೇ ಉಳಿಯಿತು. ಎಣ್ಣೆಯಾದರೋ ಎಳ್ಳನ್ನು ಮರೆತೇಬಿಟ್ಟಿತು! ಹರಳು, ಹೊಂಗೆ, ಕೊಬ್ಬರಿ, ಯಾವುದನ್ನು ಗಾಣಕ್ಕೆ ಹಾಕಿದರೂ ಬಂದದ್ದಕ್ಕೆಲ್ಲ ಅದೇ ಹೆಸರಾಯಿತು. ಕಡೆಗೆ ಬೀಜದ ಸೋಂಕೇ ಇಲ್ಲದೆ ನೆಲದಡಿಯಿಂದ ಬಂದ ಸೀಮೆಎಣ್ಣೆಗೂ ಅದೇ. ವಿನೋದವೇನೆಂದರೆ, ಹೀಗೆ ಊರಿಗೆಲ್ಲ ಹೆಸರು ಹಂಚಿದ ಎಳ್ಳಿನ ಎಣ್ಣೆಗೇ ಸ್ವಂತ ಹೆಸರಿಲ್ಲದಂತಾಯಿತು. ಮತ್ತೆ ಎಳ್ಳನ್ನು ಮುಂದಿಟ್ಟು ‘ಎಳ್ಳೆಣ್ಣೆ’ ಎನ್ನಬೇಕಾಯಿತು. ಕೆಲವು ಕಡೆ ಅದನ್ನು ‘ಒಳ್ಳೆಣ್ಣೆ’ ಎನ್ನುವುದೂ ಉಂಟು. ತಮಿಳಿನ ನಲ್ಲೆಣ್ಣೆಗೂ ಅದೇ ಅರ್ಥ.

ಹಾಗಾದರೆ ಎಳ್ಳೆಣ್ಣೆ ಪುನರುಕ್ತಿಯೇ, ಕೊಬ್ಬರಿ ಎಣ್ಣೆ ಅಸಂಬದ್ಧವೇ ಎಂದು ತರಗತಿಯ ಚುರುಕು ಹುಡುಗರು ಕೇಳುತ್ತಾರೆ. ಎರಡೂ ಅಲ್ಲ. ಪದದ ಹುಟ್ಟು ಬೇರೆ, ಬಳಕೆಯಲ್ಲಿ ನಿಂತ ಅರ್ಥ ಬೇರೆ. ಹುಟ್ಟಿನ ಕೋಲು ಹಿಡಿದು ಬಳಕೆಯನ್ನು ಹೊಡೆಯಬಾರದು. ತೈಲವೆಂದು ತಿದ್ದಿದರೆ ಶುದ್ಧವಾದೀತೆಂದು ಭಾವಿಸುವವರಿಗೆ ಒಂದು ಮಾತು: ತಿಲದಿಂದ ಬಂದದ್ದು ತೈಲ, ತಿಲವೆಂದರೂ ಎಳ್ಳೇ! ಇಂಗ್ಲಿಷಿನ ‘ಆಯಿಲ್’ ಎಂಬುದೂ ಗ್ರೀಕ್, ಲ್ಯಾಟಿನ್ನುಗಳ ದಾರಿಯಾಗಿ ಆಲಿವ್ ಕಾಯಿಯ ಹೆಸರಿನಿಂದಲೇ ಇಳಿದು ಬಂದಿದೆ. ಮೋಟಾರಿಗೆ ಆಯಿಲ್ ಹಾಕುವಾಗ ಅಲ್ಲಿ ಆಲಿವ್ ಎಲ್ಲಿ ಎಂದು ಯಾರೂ ಹುಡುಕುವುದಿಲ್ಲ.

ಎಣ್ಣೆಯ ಪ್ರಯಾಣ ಇನ್ನೂ ನಿಂತಿಲ್ಲ. ಈಚೆಗೆ ನಮ್ಮ ತರುಣರು, ಗಾಣಕ್ಕೂ ಒಗ್ಗರಣೆಗೂ ಸಂಬಂಧವಿಲ್ಲದ, ಸೀಸೆಯಲ್ಲಿ ಬರುವ ಬೇರೊಂದು ದ್ರವಕ್ಕೂ ಈ ಹೆಸರನ್ನೇ ಇಟ್ಟಿದ್ದಾರೆ. ಅದರ ವಿವರಣೆಯನ್ನು ಮನೆಯ ಹಿರಿಯರು ಅವರಿಂದಲೇ ಕೇಳಿ ತಿಳಿಯಬಹುದು.