ಮಹಡಿಯ ಮೇಲಿನ ಟವರ್



ನಮ್ಮ ದೇಶದ ಮೊದಲ ಮೊಬೈಲ್ ಕರೆ ಎಲ್ಲಿಂದ ಹೋಯಿತು, ಬಲ್ಲಿರಾ? ದೆಹಲಿಯಿಂದಲ್ಲ, ನಮ್ಮ ಬೆಂಗಳೂರಿನಿಂದಲೂ ಅಲ್ಲ. ನೀವು ಹುಟ್ಟಿ ಬೆಳೆದ ಈ ಕೋಲ್ಕತ್ತದಿಂದಲೇ! 1995ರ ಜುಲೈ 31ರಂದು ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ರೈಟರ್ಸ್ ಬಿಲ್ಡಿಂಗ್‌ನಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದರು. ನಾನು ಮದುವೆಯಾಗಿ ಧಾರವಾಡದಿಂದ ಬೆಹಾಲಾಕ್ಕೆ ಬಂದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅಮ್ಮನ ದನಿ ಕೇಳಬೇಕೆಂದರೆ ದರ ಕಡಿಮೆಯಾಗುವ ರಾತ್ರಿ ಹೊತ್ತಿಗೆ ಎಸ್.ಟಿ.ಡಿ. ಬೂತಿನ ಮುಂದೆ ಸಾಲಿನಲ್ಲಿ ನಿಲ್ಲಬೇಕಿತ್ತು. ಇಂದು ಆ ಫೋನು ಎಲ್ಲರ ಜೇಬಿನಲ್ಲಿದೆ. ಅದರ ಜೊತೆಗೆ ಒಂದು ಭಯವೂ ಮನೆ ಸೇರಿದೆ. ಆ ಭಯದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆನಿಸಿತು.

2016ರಲ್ಲಿ ನಮ್ಮ ಕಟ್ಟಡದ ಮಹಡಿಯ ಮೇಲೆ ಟವರ್ ನಿಲ್ಲಿಸಲು ಒಂದು ಕಂಪೆನಿಯವರು ಕೇಳಿಕೊಂಡು ಬಂದರು. ತಿಂಗಳು ತಿಂಗಳು ಬಾಡಿಗೆ ಬರುತ್ತದೆ ಎಂದರು. ನೀರಿನ ಟ್ಯಾಂಕು ಸೋರುತ್ತಿತ್ತು, ಲಿಫ್ಟು ಆಗಾಗ ಕೆಡುತ್ತಿತ್ತು. ಸಭೆಯಲ್ಲಿ ಒಪ್ಪಿದವರು ಕೈ ಎತ್ತಿ ಎಂದಾಗ ನಾನೂ ಎತ್ತಿದೆ. ಎರಡು ವರ್ಷಗಳ ನಂತರ ಮೇಲಿನ ಮನೆಯ ದಾದಾ ಅವರಿಗೆ ಮಿದುಳಿನಲ್ಲಿ ಗೆಡ್ಡೆ ಎಂದು ತಿಳಿಯಿತು. ಎಂಟು ತಿಂಗಳಲ್ಲಿ ತೀರಿಕೊಂಡರು. "ಟವರಿನದೇ ಕೆಲಸ" ಎಂದು ಪಾಡಾದಲ್ಲೆಲ್ಲ ಮಾತು. ಒಂದು ಸಂಜೆ ಬೌದಿ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದರು: "ದಿದಿ, ಆ ದಿನ ನೀವೂ ಕೈ ಎತ್ತಿದಿರಿ, ಅಲ್ಲವೇ?"

ನನ್ನಲ್ಲಿ ಉತ್ತರವಿರಲಿಲ್ಲ. ಅನೇಕ ರಾತ್ರಿ ನಿದ್ದೆಯೂ ಬರಲಿಲ್ಲ. ಕೊನೆಗೆ ನಿಮ್ಮ ವಯಸ್ಸಿನ ನನ್ನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದತೊಡಗಿದೆ. ಅಂದಿನಿಂದ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ತರಂಗ ಹೊಸದಲ್ಲ

ಫೋನು ಮತ್ತು ಟವರ್ ಮಾತನಾಡುವುದು ರೇಡಿಯೋ ತರಂಗಗಳ ಮೂಲಕ. 1895ರಲ್ಲಿ ಜಗದೀಶ್ ಚಂದ್ರ ಬೋಸರು ಇದೇ ನಗರದ ಟೌನ್ ಹಾಲ್‌ನಲ್ಲಿ ಇಂಥ ತರಂಗಗಳನ್ನು ಗೋಡೆಗಳಾಚೆಗೆ ಕಳಿಸಿ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರು. ಅವರು ಬಳಸಿದ ಕೆಲವು ಮಿಲಿಮೀಟರ್ ಉದ್ದದ ತರಂಗಗಳ ಜಾತಿಯವೇ ಇಂದು 5ಜಿಗೂ ಬರುತ್ತಿವೆ. ಎಕ್ಸ್‌ರೇ ಕಿರಣಗಳಿಗೆ ನಮ್ಮ ಜೀವಕೋಶದೊಳಗಿನ ಅಣುಗಳ ಬಂಧವನ್ನು ಕಡಿಯುವ ಶಕ್ತಿಯಿದೆ. ರೇಡಿಯೋ ತರಂಗಗಳಿಗೆ ಅಷ್ಟು ಶಕ್ತಿಯಿಲ್ಲ. ಪ್ರಮಾಣ ಹೆಚ್ಚಾದರೆ ಅವು ದೇಹವನ್ನು ಬಿಸಿ ಮಾಡಬಲ್ಲವು, ಮೈಕ್ರೋವೇವ್ ಒಲೆ ಅನ್ನವನ್ನು ಬಿಸಿ ಮಾಡುವಂತೆ. ಸುರಕ್ಷತೆಯ ಮಿತಿಗಳನ್ನು ಈ ಬಿಸಿಯನ್ನು ಲೆಕ್ಕ ಹಾಕಿಯೇ ಗೊತ್ತುಮಾಡಿದ್ದಾರೆ. ನಮ್ಮ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು.

ಇನ್ನೊಂದು ಸಂಗತಿ ಕೇಳಿ. ಟವರಿನ ಆಂಟೆನಾ ತನ್ನ ತರಂಗಗಳನ್ನು ಟಾರ್ಚಿನ ಬೆಳಕಿನಂತೆ ಮುಂದಕ್ಕೆ, ದೂರಕ್ಕೆ ಚೆಲ್ಲುತ್ತದೆ. ನೇರ ಕೆಳಗಿನ ಮನೆಗೆ ಸಿಗುವುದು ಕಡಿಮೆ. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದು ಪಾಲಾಗುತ್ತದೆ. ಕಿವಿಗೊತ್ತಿಕೊಂಡ ಫೋನು ಚಿಕ್ಕದಾದರೂ ತೀರಾ ಹತ್ತಿರದ್ದು. ಟವರ್ ದೂರವಿದ್ದು ಸಿಗ್ನಲ್ ಕ್ಷೀಣವಾದಷ್ಟೂ ಅದು ಹೆಚ್ಚು ಜೋರಾಗಿ ದುಡಿಯಬೇಕು. ಟವರನ್ನು ಓಡಿಸಿ ಫೋನನ್ನು ದಿಂಬಿನಡಿ ಇಟ್ಟುಕೊಳ್ಳುವವರು ಇದನ್ನು ಯೋಚಿಸಬೇಕು.

ಹಾಗಾದರೆ ಕ್ಯಾನ್ಸರ್?

2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಾನು ಇಂಗ್ಲಿಷ್ ಬಿ.ಎ. ಓದಿದವಳು, ಪದ ನೋಡುವುದು ನನ್ನ ಅಭ್ಯಾಸ. ಅಲ್ಲಿರುವ ಪದ 'ಪಾಸಿಬಲಿ', 'ಪ್ರಾಬಬ್ಲಿ' ಅಲ್ಲ. ಅಂದರೆ ಇರಬಹುದೇನೋ ಎಂಬ ಅನುಮಾನ, ಸಾಕ್ಷ್ಯ ಸಾಲದು. ಏಷ್ಯಾದ ಸಾಂಪ್ರದಾಯಿಕ ರೀತಿಯಲ್ಲಿ ಉಪ್ಪಿನಲ್ಲಿಟ್ಟ ತರಕಾರಿಗಳೂ ಅದೇ ಗುಂಪಿನಲ್ಲಿವೆ! ಆಮೇಲೆ 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆಯೊಂದು ಪ್ರಕಟವಾಯಿತು. 63 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ, ಹತ್ತು ವರ್ಷಕ್ಕೂ ಮೀರಿ ಬಳಸಿದವರಲ್ಲಿ ಕೂಡ.

ಬೌದಿ ಕೇಳಿದಾಗ ಈ ಪರಿಶೀಲನೆ ಇನ್ನೂ ಬಂದಿರಲಿಲ್ಲ. ಬಂದಿದ್ದರೂ ಗಂಡನನ್ನು ಕಳೆದುಕೊಂಡವರ ಮುಂದೆ ಹೋಗಿ ಅಂಕಿಸಂಖ್ಯೆ ಓದಲಾಗುತ್ತದೆಯೇ? ದೂರಸಂಪರ್ಕ ಇಲಾಖೆ 2017ರಲ್ಲಿ 'ತರಂಗ್ ಸಂಚಾರ್' ಎಂಬ ವ್ಯವಸ್ಥೆ ಆರಂಭಿಸಿತ್ತು. 4000 ರೂಪಾಯಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ತಮ್ಮ ಮನೆಯಲ್ಲಿ ತರಂಗಗಳ ಅಳತೆ ಮಾಡಿಸಬಹುದಿತ್ತು. ಅರ್ಜಿಯನ್ನು ಮಗಳೇ ತುಂಬಿದಳು, ಹಣವನ್ನು ನಾನು ಮನೆಖರ್ಚಿನಲ್ಲಿ ಉಳಿಸಿ ಕೊಟ್ಟೆ. ಇಲಾಖೆಯವರು ಉಪಕರಣ ತಂದು ಮಹಡಿಯ ಮೇಲೆ, ಬೌದಿಯ ಬಾಲ್ಕನಿಯಲ್ಲಿ, ದಾದಾ ಮಲಗುತ್ತಿದ್ದ ಕೋಣೆಯಲ್ಲಿ ಅಳೆದರು. ಎಲ್ಲ ಕಡೆ ಮಿತಿಗಿಂತ ಬಹಳ ಕೆಳಗಿತ್ತು.

ಬೌದಿ ಆ ವರದಿಯನ್ನು ಎರಡು ಸಲ ಓದಿದರು. "ಕಾಗದ ಸರಿಯಾಗಿಯೇ ಇದೆ ದಿದಿ. ಆದರೂ ಏಕೆ ಹೋದರು ಎಂದು ಯಾರೂ ಹೇಳಲಿಲ್ಲ" ಎಂದರು. ನಿಜ. ಮಿದುಳಿನ ಗೆಡ್ಡೆ ಹೆಚ್ಚಿನವರಿಗೆ ಏಕೆ ಬರುತ್ತದೆಂದು ವೈದ್ಯರಿಗೂ ಹೇಳಲಾಗದು. ಕಾರಣ ಸಿಗದ ದುಃಖ ಕಣ್ಣೆದುರಿಗೆ ಕಾಣುವ ಕಂಬವನ್ನು ಹಿಡಿದುಕೊಳ್ಳುತ್ತದೆ. ಆ ದಿನ ಬೌದಿ ನನಗೆ ಚಹಾ ಮಾಡಿ ಕೊಟ್ಟರು. ಬಹಳ ತಿಂಗಳುಗಳ ಮೇಲೆ ಅವರ ಅಡುಗೆಮನೆಯಲ್ಲಿ ಕುಳಿತೆ.

ಮಕ್ಕಳೇ, ನಿಮಗೆ ನಾನು ಹೇಳುವುದು ಇಷ್ಟೇ. ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ, ದೇಹ ಹೀರುವ ಶಕ್ತಿಯ ಅಳತೆ ಕಾಣಿಸುತ್ತದೆ. ನಮ್ಮ ದೇಶದ ಮಿತಿ ಕಿಲೋಗೆ 1.6 ವಾಟ್. ದೀರ್ಘ ಮಾತಿಗೆ ಇಯರ್‌ಫೋನ್ ಬಳಸಿ, ಆದರೆ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಡೈಮಂಡ್ ಹಾರ್ಬರ್ ರಸ್ತೆ ದಾಟಬೇಡಿ. ಅಲ್ಲಿಯ ಅಪಾಯಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ, ನಿದ್ದೆಯಾದರೂ ಉಳಿಯುತ್ತದೆ.

ಮನೆಯಲ್ಲಿ ಅಜ್ಜಿಯೋ ಅಮ್ಮನೋ ಟವರಿಗೆ ಹೆದರಿದರೆ ನಗಬೇಡಿ. ಕೈಗೆ ಬಂದ ಸಂದೇಶವನ್ನು ನಾಲ್ಕು ಜನರಿಗೆ ಕಳಿಸಿ ಅವರ ಭಯವನ್ನು ಬೆಳೆಸಲೂ ಬೇಡಿ. ಪಕ್ಕದಲ್ಲಿ ಕುಳಿತು ಓದಿ ಹೇಳಿ, ಅಳೆಯಬಹುದಾದದ್ದನ್ನು ಅಳೆಸಿ. ನಾನು ಅಂದು ಸಭೆಯಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಕೈ ಎತ್ತಿದೆ. ಅದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ. ನೀವು ಕೈ ಎತ್ತುವ ಮೊದಲು ಕೇಳಿ.